ಏಳು ವರ್ಷದ ಮಗ, ಮೂರು ಡಾಕ್ಟರು, ಮೂರು ಹೆಸರು

ಡೊಂಬಿವಲಿ ಅಮ್ಮ
ಸೋಮವಾರ, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ನಾವು ಕುಂದಾಪುರದ ಕಡೆಯವರು. ಮದುವೆಯಾಗಿ ಡೊಂಬಿವಲಿಗೆ ಬಂದು ಹನ್ನೊಂದು ವರ್ಷ ಆಯಿತು. ಮನೆಯವರು ಹೋಟೆಲಿನಲ್ಲಿ ಮ್ಯಾನೇಜರ್, ಬರುವಾಗ ರಾತ್ರಿ ಒಂದು ಗಂಟೆ ದಾಟುತ್ತದೆ. ಅತ್ತೆ ನಮ್ಮ ಜೊತೆಯೇ ಇದ್ದಾರೆ. ಮಗನಿಗೆ ಏಳು ವರ್ಷ, ಎರಡನೇ ಕ್ಲಾಸು.

ಆರು ತಿಂಗಳಿಂದ ಹುಡುಗ ಬೇರೆಯೇ ಆಗಿದ್ದಾನೆ. ವಾರಕ್ಕೆ ಮೂರು ನಾಲ್ಕು ಸಲ ಸಿಟ್ಟು ನೆತ್ತಿಗೇರುತ್ತದೆ. ಪೆನ್ಸಿಲ್ ಮೊನೆ ಮುರಿದರೂ ಸಾಕು. ಬ್ಯಾಗ್ ಎಸೆಯುತ್ತಾನೆ, ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾನೆ. ತಣ್ಣಗಾಗಲು ಮುಕ್ಕಾಲು ಗಂಟೆ ಬೇಕು. ಆಮೇಲೆ ನನ್ನ ದುಪಟ್ಟಾದ ತುದಿ ಮುಷ್ಟಿಯಲ್ಲಿ ಹಿಡಿದುಕೊಂಡು ಹಾಗೇ ಮಲಗಿಬಿಡುತ್ತಾನೆ. ಕೆಲವು ರಾತ್ರಿ ನಿದ್ದೆಯೇ ಇಲ್ಲ, ಹನ್ನೆರಡು ಒಂದರ ತನಕ ಬಿಡದೆ ಮಾತು. ಇನ್ನು ಕೆಲವು ದಿನ ಊಟದ ಟೇಬಲ್ಲಿನ ಕೆಳಗೆ ಹೋಗಿ ಕೂತರೆ ಕರೆದರೂ ಬರುವುದಿಲ್ಲ. ಏನಾಯಿತು ಮಗಾ ಅಂದರೆ "ಬೇಜಾರು" ಅನ್ನುತ್ತಾನೆ. ಅಷ್ಟೇ.

ನಾಲ್ಕು ತಿಂಗಳಲ್ಲಿ ಮೂರು ಕಡೆ ತೋರಿಸಿದೆವು. ಮೊದಲನೆಯವರು ಹದಿನೈದು ನಿಮಿಷ ನೋಡಿ ಬೈಪೋಲಾರ್ (ಮನಸ್ಸು ಕೆಲವು ಕಾಲ ವಿಪರೀತ ಏರಿ, ಕೆಲವು ಕಾಲ ಕುಸಿಯುವ ಕಾಯಿಲೆಯಂತೆ) ಇರಬಹುದು ಅಂತ ಬರೆದು ಮಾತ್ರೆ ಕೊಟ್ಟರು. ಎರಡನೆಯವರು ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ ಅಂದರು. ಮೂರನೆಯವರು ಮಗು ನಾರ್ಮಲ್, ತಾಯಿಗೇ ಟೆನ್ಶನ್ ಜಾಸ್ತಿ ಅಂದರು. ಮೂರೂ ಚೀಟಿ ಒಂದೇ ಪ್ಲಾಸ್ಟಿಕ್ ಫೈಲಿನಲ್ಲಿ ಇವೆ. ಮಾತ್ರೆ ಇನ್ನೂ ಶುರು ಮಾಡಿಲ್ಲ. ದಿನಾ ರಾತ್ರಿ ಫೈಲ್ ತೆಗೆದು ನೋಡುತ್ತೇನೆ, ಮತ್ತೆ ಒಳಗಿಡುತ್ತೇನೆ. ನಾನು ಯಾವುದನ್ನು ನಂಬಲಿ?


ಪುಣೆ ಅಪ್ಪ
ಮಂಗಳವಾರ, ಬೆಳಿಗ್ಗೆ 7:15

ಅಕ್ಕ, ನಿಮ್ಮ ಬರಹ ಓದಿ ರೈಲಿನಲ್ಲೇ ಕಣ್ಣು ಒದ್ದೆಯಾಯಿತು. ನಾವು ಇದೇ ದಾರಿಯಲ್ಲಿ ಹೋಗಿ ಬಂದವರು.

ನನ್ನ ಮಗನಿಗೆ ಈಗ ಹದಿಮೂರು. ಆರು ವರ್ಷದವನಿದ್ದಾಗ ಇಲ್ಲಿನ ಒಂದು ಕ್ಲಿನಿಕ್ಕಿನಲ್ಲಿ ಒಂದೇ ಭೇಟಿಯಲ್ಲಿ ಬೈಪೋಲಾರ್ ಅಂದರು. ನಾವು ಹೆದರಿ ಹೇಳಿದ ಹಾಗೆ ಮಾಡಿದೆವು. ಮಾತ್ರೆಯಿಂದ ಗಲಾಟೆ ಕಮ್ಮಿ ಆಯಿತು ನಿಜ. ಆದರೆ ಹುಡುಗ ಸದಾ ತೂಕಡಿಸುತ್ತಿದ್ದ. ಒಂದು ವರ್ಷದಲ್ಲಿ ಎಂಟು ಕಿಲೋ ಹೆಚ್ಚಿದ. ಯೂನಿಫಾರ್ಮ್ ಎರಡು ಸಲ ಬದಲಾಯಿಸಿದೆವು. ಅವನ ನಗು ಎಲ್ಲಿಗೆ ಹೋಯಿತು ಅಂತ ಹೆಂಡತಿ ದಿನಾ ಕೇಳುತ್ತಿದ್ದಳು.

ಎಂಟು ವರ್ಷಕ್ಕೆ ಬೇರೆ ಕಡೆ ಆರು ಸಲ ಕರೆಸಿ ನೋಡಿದರು. ಶಾಲೆಯ ನೋಟ್‌ಬುಕ್ಕು ತರಿಸಿದರು. ಓದಿಸಿದರು, ಬರೆಸಿದರು. ಆಗ ಗೊತ್ತಾಗಿದ್ದು, ಅವನಿಗೆ ಅಕ್ಷರ ಓದುವುದೇ ಕಷ್ಟ, ಡಿಸ್ಲೆಕ್ಸಿಯಾ. ಜೊತೆಗೆ ವಿಪರೀತ ಆತಂಕ. ಕ್ಲಾಸಿನಲ್ಲಿ ಎದ್ದು ನಿಂತು ಓದು ಅಂದ ದಿನವೇ ಮನೆಯಲ್ಲಿ ಪಾತ್ರೆ ಹಾರುತ್ತಿತ್ತು. ಎರಡು ವರ್ಷ ಆ ಎರಡನ್ನೂ ಜೋಡಿಸಿ ನಾವು ನೋಡಲೇ ಇಲ್ಲ.

ಮೊದಲಿನ ಡಾಕ್ಟರ ಮೇಲೆ ನನಗೆ ಈಗ ಕೋಪ ಇಲ್ಲ. ಅವರು ಕೊಟ್ಟ ಸಮಯ ಇಪ್ಪತ್ತು ನಿಮಿಷ, ನಾವು ಹೇಳಿದ್ದು ಬರೀ ಸಿಟ್ಟಿನ ಸುದ್ದಿ. ಶಾಲೆಯ ಸುದ್ದಿ ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ. ಮಾತ್ರೆ ಈಗಾಗಲೇ ತೆಗೆದುಕೊಳ್ಳುತ್ತಿರುವ ಮಕ್ಕಳ ಅಪ್ಪ ಅಮ್ಮ ಇದನ್ನು ಓದಿ ಇವತ್ತೇ ನಿಲ್ಲಿಸಬೇಡಿ. ನಮಗೆ ಮೂರು ತಿಂಗಳು ಹಿಡಿದು, ಸ್ವಲ್ಪ ಸ್ವಲ್ಪ ಇಳಿಸಿ ನಿಲ್ಲಿಸಿದರು.


ಮುಲುಂಡ್ ರಾಯರು
ಮಂಗಳವಾರ, ಬೆಳಿಗ್ಗೆ 9:02

ನಮ್ಮ ಕಾಲದಲ್ಲಿ ಮಕ್ಕಳು ಹಟ ಮಾಡಿದರೆ ಎರಡು ಕೊಟ್ಟು ಕೂರಿಸುತ್ತಿದ್ದರು. ಇಷ್ಟು ಚಿಕ್ಕ ಮಗುವಿಗೆ ಮನಸ್ಸಿನ ಕಾಯಿಲೆ ಅಂತ ಹೆಸರಿಟ್ಟರೆ ಜೀವನ ಪೂರ್ತಿ ಅಂಟಿಕೊಳ್ಳುತ್ತದೆ ಅನ್ನುವ ಭಯ ನನಗೆ. ಊರಿಗೆ ಹೋದಾಗ ದೈವದ ಹತ್ತಿರ ಕೇಳಿಸಿದ್ದೀರಾ ತಾಯಿ?


ಡೊಂಬಿವಲಿ ಅಮ್ಮ
ಮಂಗಳವಾರ, ಮಧ್ಯಾಹ್ನ 2:30

ಪುಣೆ ಅಣ್ಣ, ನೀವು ಬರೆದದ್ದನ್ನು ಮನೆಯವರಿಗೆ ಓದಿ ಹೇಳಿದೆ. ಒಂದು ಮಾತೂ ಆಡದೆ ಕೇಳಿದರು.

ರಾಯರೇ, ಮೇ ತಿಂಗಳಲ್ಲಿ ಊರಿಗೆ ಹೋಗಿದ್ದೆವು. ದರ್ಶನದಲ್ಲಿ ಕೇಳಿಸಿದೆವು, ಹರಕೆಯನ್ನೂ ಹೇಳಿಕೊಂಡಿದ್ದೇವೆ. ಒಂದೆರಡು ಸಲ ಹೊಡೆದೂ ಇದ್ದೇನೆ. ಹೊಡೆದ ರಾತ್ರಿ ನನಗೇ ನಿದ್ದೆ ಬರಲಿಲ್ಲ. ಅವನ ಸಿಟ್ಟು ಕಮ್ಮಿಯೂ ಆಗಲಿಲ್ಲ.


ಧಾರವಾಡದ ಡಾಕ್ಟರ್, ಪರೇಲ್
ಮಂಗಳವಾರ, ರಾತ್ರಿ 10:20

ನಾನು ಮಕ್ಕಳ ಮನೋವೈದ್ಯೆ. ಮುಂಬೈಯಲ್ಲಿ ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಮಗುವನ್ನು ನೋಡದೆ ಇದು ಇಂಥದೇ ಅಂತ ನಾನು ಹೇಳಲಾರೆ. ಆದರೆ ಮೂವರು ಡಾಕ್ಟರು ಮೂರು ಹೆಸರು ಯಾಕೆ ಹೇಳಿದರು ಅಂತ ಹೇಳಬಲ್ಲೆ.

ಬೈಪೋಲಾರ್, ಡಿಪ್ರೆಶನ್ ಇವಕ್ಕೆಲ್ಲ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ನಾವು ರಕ್ತ ತೆಗೆಸುವುದು ಥೈರಾಯ್ಡ್, ರಕ್ತಹೀನತೆ ಇಂಥವು ಇಲ್ಲ ಅಂತ ನೋಡಿಕೊಳ್ಳಲು. ಉಳಿದದ್ದೆಲ್ಲ ಮಾತಿನ ಮೇಲೆ, ನೋಡುವುದರ ಮೇಲೆ ನಿಂತಿದೆ. ದೊಡ್ಡವರು ಬಂದರೆ ಎರಡು ವಾರದಿಂದ ಯಾವುದರಲ್ಲೂ ಮನಸ್ಸಿಲ್ಲ ಅಂತ ತಾವೇ ಹೇಳುತ್ತಾರೆ. ಏಳು ವರ್ಷದ ಮಗುವಿಗೆ ಎರಡು ವಾರ ಅಂದರೆ ಎಷ್ಟು ಅಂತಲೇ ಸರಿಯಾಗಿ ಗೊತ್ತಿರುವುದಿಲ್ಲ. ನಿನ್ನೆ, ನಾಳೆ, ಗಣಪತಿ ಹಬ್ಬದ ದಿನ. ಅದರ ಲೆಕ್ಕ ಅಷ್ಟೇ.

ಸಿಡುಕು ಅನ್ನುವುದು ಜ್ವರ ಇದ್ದ ಹಾಗೆ. ಮಳೆಗಾಲದಲ್ಲಿ ಮುಂಬೈಯಲ್ಲಿ ಜ್ವರ ಬಂದರೆ ಮಲೇರಿಯಾ ಇರಬಹುದು, ಡೆಂಗಿ ಇರಬಹುದು, ಸುಮ್ನೆ ನೆಗಡಿ ಇರಬಹುದು. ಸಿಡುಕೂ ಹಾಗೆಯೇ. ಡಿಪ್ರೆಶನ್ ಇದ್ದರೆ ಚಿಕ್ಕ ಮಕ್ಕಳು ಅಳುವುದಕ್ಕಿಂತ ಜಾಸ್ತಿ ಸಿಡುಕುತ್ತಾರೆ. ಆತಂಕ ಇದ್ದರೂ ಸಿಡುಕು. ಎಡಿಎಚ್‌ಡಿ, ಆಟಿಸಂ, ಓದಿನ ತೊಂದರೆ, ಕಿವಿ ಸರಿ ಕೇಳದೆ ಇರುವುದು, ಮೂಗಿನ ಹಿಂದೆ ಅಡಿನಾಯ್ಡ್ ಊದಿ ರಾತ್ರಿ ಉಸಿರು ಕಟ್ಟಿ ನಿದ್ದೆ ಕೆಡುವುದು, ಮನೆಯಲ್ಲಿ ಜಗಳ, ಶಾಲೆಯಲ್ಲಿ ಯಾರಾದರೂ ಹೊಡೆಯುವುದು. ಎಲ್ಲದಕ್ಕೂ ಹೊರಗೆ ಕಾಣುವ ಮುಖ ಒಂದೇ.

ಬೈಪೋಲಾರ್‌ನಲ್ಲಿ ನಾವು ಹುಡುಕುವುದು ಬಂದು ಹೋಗುವ ಕಾಲವನ್ನು. ಮನಸ್ಸು ವಿಪರೀತ ಏರಿದ ಕಾಲಕ್ಕೆ ಉನ್ಮಾದ ಅನ್ನುತ್ತೇವೆ. ಹಾಗೆ ಕರೆಯಬೇಕಾದರೆ ಕಮ್ಮಿ ಎಂದರೂ ಒಂದು ವಾರ, ದಿನದ ಹೆಚ್ಚು ಹೊತ್ತು, ಮಗು ತನ್ನ ಮಾಮೂಲಿ ಸ್ವಭಾವಕ್ಕಿಂತ ಪೂರ್ತಿ ಬೇರೆ ಆಗಿರಬೇಕು. ಎಡಿಎಚ್‌ಡಿ ಹಾಗೆ ಬಂದು ಹೋಗುವುದಿಲ್ಲ. ಚಿಕ್ಕಂದಿನಿಂದ ದಿನಾ ಇರುತ್ತದೆ, ಮನೆಯಲ್ಲೂ ಶಾಲೆಯಲ್ಲೂ. ಆದರೆ ಸಿಕ್ಕಾಪಟ್ಟೆ ಮಾತು, ಚಡಪಡಿಕೆ, ಗಮನ ಹಾರುವುದು ಎರಡರಲ್ಲೂ ಇವೆ. ಒಂದು ಸಲ ನೋಡಿದರೆ ವ್ಯತ್ಯಾಸ ಕಾಣುವುದು ಬಹಳ ಕಷ್ಟ.

ಇದು ನಮ್ಮಲ್ಲಿ ಮಾತ್ರ ಇರುವ ಗೊಂದಲ ಅಲ್ಲ. ಅಮೆರಿಕದಲ್ಲಿ 1994–95ರಿಂದ 2002–03ರ ಒಳಗೆ, 20 ವರ್ಷದ ಕೆಳಗಿನವರಿಗೆ ಬೈಪೋಲಾರ್ ಅಂತ ಬರೆದ ಕ್ಲಿನಿಕ್ ಭೇಟಿಗಳು ಸುಮಾರು 40 ಪಟ್ಟು ಏರಿದವು. ಅಷ್ಟು ಮಕ್ಕಳಿಗೆ ಏಕಾಏಕಿ ಕಾಯಿಲೆ ಬಂದಿತ್ತು ಅಂತ ನಂಬುವುದು ಕಷ್ಟ, ಅಲ್ವಾ? ಅಲ್ಲಿನ ಮನೋವೈದ್ಯರ ಸಂಘ 2013ರಲ್ಲಿ ತನ್ನ ಕೈಪಿಡಿ ಡಿಎಸ್‌ಎಂ-5ರಲ್ಲಿ ಒಂದು ಹೊಸ ಹೆಸರು ಸೇರಿಸಿತು. ಚುಟುಕಾಗಿ ಡಿಎಂಡಿಡಿ. ವಾರಕ್ಕೆ ಮೂರು ಅಥವಾ ಹೆಚ್ಚು ಸಲ ದೊಡ್ಡ ಸಿಟ್ಟು, ನಡುವಿನ ದಿನಗಳಲ್ಲೂ ಸಿಡುಕು, ಒಂದಕ್ಕಿಂತ ಹೆಚ್ಚು ಕಡೆ, ಹನ್ನೆರಡು ತಿಂಗಳು. ಆರು ವರ್ಷಕ್ಕಿಂತ ಚಿಕ್ಕ ಮಗುವಿಗೆ ಈ ಹೆಸರು ಕೊಡುವ ಹಾಗಿಲ್ಲ. ಯಾವಾಗಲೂ ಸಿಡುಕುವ ಮಕ್ಕಳಿಗೆಲ್ಲ ಬೈಪೋಲಾರ್ ಅಂತ ಬರೆಯುವುದು ನಿಲ್ಲಲಿ ಅನ್ನುವುದೇ ಉದ್ದೇಶ. ಆದರೆ 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ಇದನ್ನು ಬೇರೆ ಕಾಯಿಲೆ ಅಂತ ಒಪ್ಪಿಲ್ಲ. ಎದುರು ನಿಲ್ಲುವ ಸ್ವಭಾವದ ತೊಂದರೆಯ ಒಂದು ಬಗೆ ಅಂತ ಸೇರಿಸಿದೆ. ಹಾಗಾಗಿ ಒಂದೇ ಮಗುವಿಗೆ ಎರಡು ಪುಸ್ತಕದಲ್ಲಿ ಎರಡು ಹೆಸರು ಬರಬಹುದು.

ಅಕ್ಕ, ಎರಡು ಪ್ರಶ್ನೆ. ನಿದ್ದೆ ಇಲ್ಲದ ರಾತ್ರಿಯ ಮರುದಿನ ಅವನು ಹೇಗಿರುತ್ತಾನೆ? ಬೈಪೋಲಾರ್ ಅಂದವರು ಯಾವ ಲಕ್ಷಣ ನೋಡಿ ಹಾಗೆ ಅಂದರು?

ಇನ್ನೊಂದು ಮಾತು, ಇದು ಎಲ್ಲರಿಗೂ. ಮಗು ಸಾಯುತ್ತೇನೆ ಅಂದರೆ, ತನಗೆ ತಾನೇ ಗಾಯ ಮಾಡಿಕೊಂಡರೆ, ಹೆಸರು ಯಾವುದಾದರೂ ಇರಲಿ, ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ತಲೆ ಚಚ್ಚಿಕೊಳ್ಳುವುದನ್ನೂ ಹಗುರವಾಗಿ ನೋಡಬೇಡಿ, ಅಕ್ಕ.


ಡೊಂಬಿವಲಿ ಅಮ್ಮ
ಮಂಗಳವಾರ, ರಾತ್ರಿ 11:55

ಡಾಕ್ಟರೇ, ಮರುದಿನ ಅವನು ಸ್ಕೂಲ್ ಬಸ್ಸಿನಲ್ಲೇ ನಿದ್ದೆ ಹೋಗುತ್ತಾನೆ. ಇಳಿಯುವಾಗ ಆಯಾ ಎಬ್ಬಿಸುತ್ತಾರೆ. ಸಂಜೆ ಕಣ್ಣು ಕೆಂಪಾಗಿರುತ್ತದೆ.

ಎರಡನೆಯದು. ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳ ಇಲ್ಲಿಗೆ ಬಂದಿತ್ತು, ಕರೆದುಕೊಂಡು ಹೋಗಿದ್ದೆವು. ಅಂದಿನಿಂದ ಅವನು ಭೀಮ. ಪೇಪರ್ ಸುತ್ತಿ ಗದೆ ಮಾಡಿಕೊಂಡಿದ್ದಾನೆ. ನನ್ನಷ್ಟು ಶಕ್ತಿ ಯಾರಿಗೂ ಇಲ್ಲ, ನಾನು ಬಿಲ್ಡಿಂಗ್ ಎತ್ತುತ್ತೇನೆ ಅಂತ ಡಾಕ್ಟರ ಎದುರಿಗೇ ಹೇಳಿದ. ಅದನ್ನು ಅವರು ಬರೆದುಕೊಂಡರು.


ಧಾರವಾಡದ ಡಾಕ್ಟರ್, ಪರೇಲ್
ಬುಧವಾರ, ಬೆಳಿಗ್ಗೆ 6:50

ಉನ್ಮಾದ ಬಂದ ಮಗು ನಾಲ್ಕು ಗಂಟೆ ಮಲಗಿ ಎದ್ದರೂ ದಿನವಿಡೀ ದಣಿಯುವುದಿಲ್ಲ. ಅದಕ್ಕೆ ನಿದ್ದೆ ಬೇಕು ಅಂತಲೇ ಅನ್ನಿಸುವುದಿಲ್ಲ. ನಿಮ್ಮವನಿಗೆ ನಿದ್ದೆ ಬೇಕು, ಸಿಗುತ್ತಿಲ್ಲ. ಇವೆರಡೂ ಬೇರೆ.

ಭೀಮನ ವಿಷಯಕ್ಕೆ ಒಂದು ಕೆಲಸ ಮಾಡಿ. ಅವನು ಗದೆ ಹಿಡಿದಾಗ "ಭೀಮಸೇನಾ, ಊಟಕ್ಕೆ ಬಾ" ಅಂತ ಕರೆಯಿರಿ. ಗದೆ ಬದಿಗಿಟ್ಟು ಕೈ ತೊಳೆದು ಬಂದರೆ ಅದು ಆಟ. ಆಟದಿಂದ ಹೊರಗೆ ಬರಲು ಆಗದೆ ಇದ್ದರೆ, ನಿಜವಾಗಿ ಗೋಡೆ ಒಡೆಯಲು ಹೋದರೆ, ಅದು ಬೇರೆ ಮಾತು. ಏಳು ವರ್ಷಕ್ಕೆ ಮಕ್ಕಳು ದೊಡ್ಡದಾಗಿ ಹೇಳಿಕೊಳ್ಳುವುದು ಬೆಳವಣಿಗೆಯ ಭಾಗ. ಹಾಗಾಗಿಯೇ ನಮಗೆ ಕಷ್ಟ ಆಗುವುದು.


ಝುವಾರಿನಗರದಿಂದ
ಬುಧವಾರ, ಮಧ್ಯಾಹ್ನ 1:10

ನಮಸ್ಕಾರ ರೀ ಅಕ್ಕಾರ. ನಾನು ಗದಗ ಜಿಲ್ಲೆಯವನು, ಗೋವಾದಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ. ನೀವು "ಬೇಜಾರು" ಅಂತ ಬರೆದದ್ದು ನೋಡಿ ಈ ಮಾತು ಹೇಳಬೇಕು ಅನ್ನಿಸಿತು.

ನಮ್ಮ ಓಣಿಯ ಒಂದು ಮನೆಯವರು ಕಟ್ಟಡದ ಕೆಲಸಕ್ಕೆ ಬಂದವರು. ಅವರ ಆರು ವರ್ಷದ ಹುಡುಗ ಊಟ ಬಿಟ್ಟ, ಆಟ ಬಿಟ್ಟ. ಆಸ್ಪತ್ರೆಗೆ ಕರೆದುಕೊಂಡು ಹೋದರು. ತಾಯಿಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ. ಡಾಕ್ಟರಿಗೆ ಕೊಂಕಣಿ, ಹಿಂದಿ, ಇಂಗ್ಲಿಷು. ನಡುವೆ ನಿಂತು ಹೇಳಿದವಳು ಯಾರು ಗೊತ್ತೇನು? ಹುಡುಗನ ಅಕ್ಕ, ಹನ್ನೊಂದು ವರ್ಷದವಳು.

ಹುಡುಗ "ಹೊಟ್ಟ್ಯಾಗ ಸಂಕಟ ಆಗ್ತೈತಿ" ಅಂದ. ಅಕ್ಕ ಆ ಸಂಕಟವನ್ನು ಹಾಗೇ ಹಿಂದಿಗೆ ಒಯ್ದಳು. ಹಿಂದಿಯಲ್ಲಿ ಸಂಕಟ ಅಂದರೆ ಅಪಾಯ, ವಿಪತ್ತು. ಡಾಕ್ಟರು ಗಾಬರಿಯಾಗಿ ಏನು ಅಪಾಯ, ಮನೆಯಲ್ಲಿ ಯಾರಾದರೂ ಹೆದರಿಸುತ್ತಾರಾ ಅಂತ ಕೇಳಿದರು. ತಾಯಿ ಹೆದರಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಹುಡುಗ "ಬ್ಯಾಸರ" ಅಂದ. ಅಕ್ಕ ಅದಕ್ಕೆ "ಬೋರ್" ಅಂದಳು. ಚೀಟಿಯಲ್ಲಿ ಹುಡುಗನಿಗೆ ಮನೆಯಲ್ಲಿ ಬೋರ್ ಆಗುತ್ತದೆ ಅಂತ ಬಂತು. ಅವನ ಅಜ್ಜಿ ಊರಲ್ಲಿ ತೀರಿಕೊಂಡು ಎರಡು ತಿಂಗಳಾಗಿತ್ತು. ಅವನನ್ನು ಬೆಳೆಸಿದ್ದೇ ಆ ಅಜ್ಜಿ. ಆ ಮಾತು ಎಲ್ಲೂ ಬರಲೇ ಇಲ್ಲ.

ಮುಂದಿನ ಸಲ ನಾನೇ ಜೊತೆಗೆ ಹೋದೆ. ಅಜ್ಜಿಯ ವಿಷಯ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟು ಹುಡುಗನ ಕಡೆ ತಿರುಗಿದರು. ಒಳ್ಳೆಯ ಮನುಷ್ಯ, ಅವರಿಗೆ ಗೊತ್ತಾಗಲು ದಾರಿಯೇ ಇರಲಿಲ್ಲ. ಹಾಗಾಗಿ ಕೈ ಮುಗಿದು ಕೇಳುತ್ತೇನೆ, ನಡುವೆ ಹೇಳಲು ಮಕ್ಕಳನ್ನು ನಿಲ್ಲಿಸಬೇಡಿ. ಕನ್ನಡ ಬಲ್ಲ ದೊಡ್ಡವರು ಒಬ್ಬರನ್ನು ಕರೆದುಕೊಂಡು ಹೋಗಿ. ಗೋವಾದಲ್ಲಿ ಇರುವವರು ಯಾರಾದರೂ ಬೇಕಾದರೆ ನನ್ನನ್ನು ಕರೆಯಿರಿ, ರವಿವಾರ ಬಿಟ್ಟು ಸೋಮವಾರ ನನಗೆ ರಜೆ.


ಧಾರವಾಡದ ಡಾಕ್ಟರ್, ಪರೇಲ್
ಬುಧವಾರ, ರಾತ್ರಿ 9:35

ಗದಗಿನ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಓಪಿಡಿಯಲ್ಲಿ ಇದನ್ನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಬೇಜಾರು ಅನ್ನುವ ಒಂದು ಮಾತಿನಲ್ಲಿ ದುಃಖ ಇದೆ, ಬೇಸರ ಇದೆ, ಮನಸ್ಸಿಗೆ ನೋವಾದದ್ದೂ ಇದೆ, ಮಾಡಲು ಏನೂ ಇಲ್ಲ ಅನ್ನುವುದೂ ಇದೆ. ಕನ್ನಡದವಳಾದ ನಾನೇ ಮಗುವನ್ನು ಮತ್ತೆ ಕೇಳುತ್ತೇನೆ: ಬೇಜಾರಾದಾಗ ಅಳು ಬರುತ್ತದಾ, ಮಲಗಬೇಕು ಅನ್ನಿಸುತ್ತದಾ, ಯಾರನ್ನಾದರೂ ಹೊಡೆಯಬೇಕು ಅನ್ನಿಸುತ್ತದಾ?

ಇಲ್ಲಿನ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಇಲ್ಲವೇ ತುಳು, ಆಟಕ್ಕೆ ಹಿಂದಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಮಾತಾಡುತ್ತಾರೆ. ಆದರೆ ಅಳುವ ಭಾಷೆ ಒಂದೇ. ಆ ಭಾಷೆಯಲ್ಲಿ ಕೇಳದೆ ಇದ್ದರೆ ಅರ್ಧ ಸುದ್ದಿ ಮಾತ್ರ ಸಿಗುತ್ತದೆ. ಫೋನಿನಲ್ಲಿ ಕನ್ನಡದಲ್ಲೇ ಮಾತಾಡಬೇಕು ಅನ್ನುವವರಿಗೆ ಸರ್ಕಾರದ ಟೆಲಿ ಮಾನಸ್ ಇದೆ, 14416. 2022ರ ಅಕ್ಟೋಬರಿನಲ್ಲಿ ಶುರುವಾಯಿತು. ಅದರಲ್ಲಿ ಕನ್ನಡ ಆರಿಸಿಕೊಳ್ಳಬಹುದು. ಗೋವಾದಲ್ಲಿ ಸಂಗತ್ ಸಂಸ್ಥೆ 1996ರಿಂದ ಮಕ್ಕಳ, ದೊಡ್ಡವರ ಮಾನಸಿಕ ಆರೋಗ್ಯದ ಕೆಲಸ ಮಾಡುತ್ತಿದೆ.


ವಡಾಲಾ ಟೀಚರ್
ಗುರುವಾರ, ಬೆಳಿಗ್ಗೆ 10:05

ನಾನು ಪಾಲಿಕೆಯ ಕನ್ನಡ ಶಾಲೆಯಲ್ಲಿ 31 ವರ್ಷ ಪಾಠ ಮಾಡಿ ನಿವೃತ್ತಳಾದವಳು. ಇಲ್ಲಿ ಎಲ್ಲರೂ ಸಿಟ್ಟಿನ ಮಕ್ಕಳ ಬಗ್ಗೆ ಬರೆದಿದ್ದೀರಿ. ನಾನು ಸಿಟ್ಟೇ ಮಾಡದ ಒಂದು ಮಗುವಿನ ಬಗ್ಗೆ ಹೇಳಬೇಕು.

ಮೂರನೇ ಕ್ಲಾಸಿನ ಹುಡುಗಿ, ಕಿಟಕಿಯ ಪಕ್ಕ ಕೂರುತ್ತಿದ್ದಳು. ಗಲಾಟೆ ಇಲ್ಲ, ತಂಟೆ ಇಲ್ಲ. ಕಾಪಿ ಪುಸ್ತಕ ನೀಟಾಗಿರುತ್ತಿತ್ತು. ದಿನಾ ಎರಡನೇ ಪೀರಿಯಡ್ ಮುಗಿದ ಮೇಲೆ ಬಂದು "ಟೀಚರ್, ಹೊಟ್ಟೆನೋವು" ಅನ್ನುತ್ತಿದ್ದಳು. ನಾನು ಒಂದು ಲೋಟ ನೀರು ಕೊಟ್ಟು ಬೆಂಚಿನ ಮೇಲೆ ತಲೆಯಿಟ್ಟು ಮಲಗು ಅನ್ನುತ್ತಿದ್ದೆ. ಐವತ್ತು ಮಕ್ಕಳ ಕ್ಲಾಸಿನಲ್ಲಿ ಗಲಾಟೆ ಮಾಡದ ಮಗು ಅಂದರೆ ಒಳ್ಳೆಯ ಮಗು. ರಿಪೋರ್ಟ್ ಕಾರ್ಡಿನಲ್ಲಿ "ಶಾಂತ ಸ್ವಭಾವ" ಅಂತ ನಾನೇ ಬರೆದೆ.

ಮಧ್ಯಾಹ್ನದ ಡಬ್ಬಿ ಅವಳು ಪೂರ್ತಿ ತಿನ್ನುತ್ತಿರಲಿಲ್ಲ. ಒಂದು ವರ್ಷದಲ್ಲಿ ಅವಳ ತೂಕ ಏರಲೇ ಇಲ್ಲ. ಆರೋಗ್ಯ ತಪಾಸಣೆಯ ದಿನ ಆ ಅಂಕಿ ಬರೆದದ್ದು ನಾನೇ, ಹಿಂದಿನ ವರ್ಷದ ಅಂಕಿ ಮೇಲಿನ ಸಾಲಿನಲ್ಲೇ ಇತ್ತು. ಆಟದ ಪೀರಿಯಡ್ಡಿನಲ್ಲಿ ಉಳಿದವರ ಚಪ್ಪಲಿ ಕಾಯುತ್ತಾ ಕೂರುತ್ತಿದ್ದಳು. ಹೋಗು ಆಡು ಅಂದರೆ "ನಾನು ಬಂದರೆ ಆಟ ಕೆಡುತ್ತದೆ ಟೀಚರ್" ಅಂದಿದ್ದಳು. ಎಂಟು ವರ್ಷದ ಮಗು ಹೇಳಿದ ಆ ಮಾತು ನನಗೆ ಈಗಲೂ ಕೇಳುತ್ತದೆ. ಅವತ್ತು ನಾನು ನಕ್ಕು ಬಿಟ್ಟಿದ್ದೆ.

ಎರಡು ವರ್ಷ ಬಿಟ್ಟು ಬೇರೆ ಶಾಲೆಯಲ್ಲಿ ಇನ್ನೊಬ್ಬ ಟೀಚರ್ ಗಮನಿಸಿ ಆಸ್ಪತ್ರೆಗೆ ಕಳಿಸಿದರು. ಡಿಪ್ರೆಶನ್ ಅಂದರು. ಚಿಕಿತ್ಸೆ ಸಿಕ್ಕಿ ಹುಡುಗಿ ಸುಧಾರಿಸಿದಳು, ಈಗ ಅವಳಿಗೇ ಮಗು ಇದೆ. ಡಾಕ್ಟರಮ್ಮ, ಇಂಥ ಮಕ್ಕಳನ್ನು ಹೇಗೆ ಗುರುತಿಸುವುದು?


ಧಾರವಾಡದ ಡಾಕ್ಟರ್, ಪರೇಲ್
ಗುರುವಾರ, ರಾತ್ರಿ 10:48

ಟೀಚರೇ, ಇದನ್ನು ಬರೆದದ್ದಕ್ಕೆ ನಿಮಗೆ ನಮಸ್ಕಾರ. ನೀವು ಹೇಳಿದ ನಾಲ್ಕೂ ನಾವು ಹುಡುಕುವ ಗುರುತುಗಳೇ. ಕಾರಣ ಸಿಗದ ಹೊಟ್ಟೆನೋವು, ಏರದ ತೂಕ, ಆಟದಲ್ಲಿ ಖುಷಿ ಇಲ್ಲದಿರುವುದು, ತನ್ನದೇ ತಪ್ಪು ಅನ್ನುವ ಮಾತು. ಚಿಕ್ಕ ಮಕ್ಕಳಿಗೆ ಡಿಪ್ರೆಶನ್ ಬರುವುದೇ ಇಲ್ಲ ಅಂತ ನಮ್ಮ ಕ್ಷೇತ್ರದವರೇ ಬಹಳ ಕಾಲ ನಂಬಿದ್ದರು. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೋನ್ ಲೂಬಿ ಅವರ ತಂಡ ಮೂರರಿಂದ ಆರು ವರ್ಷದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ, ಆ ವಯಸ್ಸಿಗೂ ಅದು ಬರುತ್ತದೆ ಅಂತ ತೋರಿಸಿತು. ಆ ಮಕ್ಕಳು ಇಡೀ ದಿನ ಅಳುತ್ತಾ ಕೂರುವುದಿಲ್ಲ. ನಡುವೆ ನಗುತ್ತಾರೆ, ಓಡುತ್ತಾರೆ. ಹಾಗಾಗಿ ನೋಡುವವರಿಗೆ ತಪ್ಪಿಹೋಗುತ್ತದೆ.

ನಮ್ಮ ದೇಶದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಇದೆ ಅಂತ ಹೇಳಿತು. ಅದಕ್ಕಿಂತ ಚಿಕ್ಕ ಮಕ್ಕಳನ್ನು ಆ ಸಮೀಕ್ಷೆ ಸೇರಿಸಿಕೊಂಡಿರಲಿಲ್ಲ. ನಿಮ್ಮ ಕಿಟಕಿಯ ಪಕ್ಕದ ಹುಡುಗಿ ಅವತ್ತು ಇದ್ದಿದ್ದರೂ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಮುಲುಂಡ್ ರಾಯರೇ, ಹೆಸರು ಅಂಟಿಕೊಳ್ಳುತ್ತದೆ ಅನ್ನುವ ನಿಮ್ಮ ಭಯ ನನಗೂ ಇದೆ. ಹಾಗಾಗಿ ನಾನು ಮೊದಲ ಭೇಟಿಯಲ್ಲಿ ಹೆಸರು ಬರೆಯುವುದಿಲ್ಲ. ಏನು ಕಾಣುತ್ತಿದೆ ಅಂತ ಮಾತ್ರ ಬರೆಯುತ್ತೇನೆ. ಆದರೆ ಹೆಸರಿಗೆ ಹೆದರಿ ತೋರಿಸದೇ ಇದ್ದರೆ ಮಗು ಒಂಟಿಯಾಗಿಬಿಡುತ್ತದೆ. ದೈವದ ಮೇಲಿನ ನಂಬಿಕೆ ಇರಲಿ, ಹರಕೆ ಇರಲಿ, ಜೊತೆಗೆ ಆಸ್ಪತ್ರೆಯೂ ಇರಲಿ.


ಠಾಣೆಯ ಫಾರ್ಮಸಿಸ್ಟ್
ಶುಕ್ರವಾರ, ಸಂಜೆ 4:20

ಡೊಂಬಿವಲಿ ಅಕ್ಕ, ಮಗನಿಗೆ ಕೆಮ್ಮು, ಉಬ್ಬಸ ಏನಾದರೂ ಇದೆಯಾ? ದಿನಾ ಕೊಡುವ ಮಾತ್ರೆ ಇದೆಯಾ? ಸುಮ್ನೆ ಕೇಳುತ್ತಿಲ್ಲ, ಕಾರಣ ಇದೆ.


ಡೊಂಬಿವಲಿ ಅಮ್ಮ
ಶುಕ್ರವಾರ, ರಾತ್ರಿ 8:10

ಇದೆ ಅಕ್ಕ. ಎರಡು ವರ್ಷದಿಂದ ಮಳೆಗಾಲದಲ್ಲಿ ಉಬ್ಬಸ ಬರುತ್ತದೆ. ಈ ವರ್ಷ ಜೂನಿನಿಂದ ರಾತ್ರಿ ಒಂದು ಜಗಿಯುವ ಮಾತ್ರೆ. ಮಾಂಟೆಲುಕಾಸ್ಟ್ ಅಂತ ಸ್ಟ್ರಿಪ್ಪಿನಲ್ಲಿ ಇದೆ. ಈ ಮಾತ್ರೆಗೂ ಸಿಟ್ಟಿಗೂ ಏನು ಸಂಬಂಧ?


ಠಾಣೆಯ ಫಾರ್ಮಸಿಸ್ಟ್
ಶುಕ್ರವಾರ, ರಾತ್ರಿ 8:25

ಕೆಲವು ಮಕ್ಕಳಲ್ಲಿ ಸಂಬಂಧ ಇರುತ್ತದೆ. 2020ರ ಮಾರ್ಚಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಔಷಧಕ್ಕೆ ತನ್ನ ಅತಿ ಗಟ್ಟಿಯಾದ ಎಚ್ಚರಿಕೆ ಹಾಕಿತು. ಕೆಟ್ಟ ಕನಸು, ನಿದ್ದೆ ಕೆಡುವುದು, ಸಿಡುಕು, ಖಿನ್ನತೆ, ಸಾಯುವ ಯೋಚನೆ ಕೂಡ ಬರಬಹುದು ಅಂತ. ಎಲ್ಲರಿಗೂ ಹಾಗಾಗುವುದಿಲ್ಲ. ತುಂಬಾ ಮಕ್ಕಳು ಇದನ್ನು ತಿಂದು ಚೆನ್ನಾಗಿಯೇ ಇದ್ದಾರೆ. ಆದರೆ ಮೂರು ಡಾಕ್ಟರಲ್ಲಿ ಯಾರಾದರೂ ಈ ಮಾತ್ರೆಯ ಬಗ್ಗೆ ಕೇಳಿದರಾ? ನೀವೇ ನಿಲ್ಲಿಸಬೇಡಿ, ಉಬ್ಬಸ ಜೋರಾದರೆ ಅಪಾಯ. ನಾಳೆಯೇ ಮಕ್ಕಳ ಡಾಕ್ಟರಿಗೆ ಫೋನ್ ಮಾಡಿ.


ಡೊಂಬಿವಲಿ ಅಮ್ಮ
ಶುಕ್ರವಾರ, ರಾತ್ರಿ 8:31

ಯಾರೂ ಕೇಳಲಿಲ್ಲ. ಅದು ಉಬ್ಬಸದ ಮಾತ್ರೆ ಅಂತ ನಾನೂ ಹೇಳಲಿಲ್ಲ. ನಾಳೆ ಬೆಳಿಗ್ಗೆಯೇ ಹೋಗುತ್ತೇನೆ.


ಧಾರವಾಡದ ಡಾಕ್ಟರ್, ಪರೇಲ್
ಶುಕ್ರವಾರ, ರಾತ್ರಿ 11:05

ಫಾರ್ಮಸಿಸ್ಟ್ ಅಕ್ಕ ಕೇಳಿದ ಪ್ರಶ್ನೆಯನ್ನು ನಾನು ಮೊದಲ ದಿನವೇ ಕೇಳಬೇಕಿತ್ತು. ಸ್ಟೀರಾಯ್ಡ್, ಫಿಟ್ಸಿಗೆ ಕೊಡುವ ಲೆವೆಟಿರಾಸಿಟಮ್, ಇವೂ ಕೆಲವು ಮಕ್ಕಳನ್ನು ಸಿಡುಕು ಮಾಡುತ್ತವೆ. ಎಲ್ಲಿಗೆ ಹೋದರೂ ಮನೆಯಲ್ಲಿರುವ ಔಷಧವನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.

ಆದರೆ ಅಕ್ಕ, ಕಾರಣ ಸಿಕ್ಕಿತು ಅಂತ ಈಗಲೇ ನಿರಾಳ ಆಗಬೇಡಿ. ಇದು ಒಂದು ಎಳೆ ಇರಬಹುದು, ಪೂರ್ತಿ ಅಲ್ಲದೆಯೂ ಇರಬಹುದು. ಒಂದು ಪುಸ್ತಕ ಇಡಿ. ಯಾವ ದಿನ, ಎಷ್ಟು ಹೊತ್ತಿಗೆ, ಅದಕ್ಕೆ ಮೊದಲು ಏನಾಯಿತು, ಎಷ್ಟು ಹೊತ್ತು ಇತ್ತು, ಹಿಂದಿನ ರಾತ್ರಿ ಎಷ್ಟು ಗಂಟೆ ಮಲಗಿದ. ಖುಷಿಯಾಗಿದ್ದ ಹೊತ್ತನ್ನೂ ಬರೆಯಿರಿ, ಅದನ್ನು ಯಾರೂ ಬರೆಯುವುದಿಲ್ಲ. ನಾಲ್ಕು ವಾರದ ಪುಸ್ತಕ ನನ್ನ ಕೈಗೆ ಬಂದರೆ ಹತ್ತು ಪ್ರಶ್ನೆಗೆ ಸಮ.

ಮನೆತನದಲ್ಲಿ ಯಾರಿಗಾದರೂ ಮನಸ್ಸಿನ ಕಾಯಿಲೆ ಇತ್ತಾ ಅಂತ ಕೇಳಿಯೇ ಕೇಳುತ್ತಾರೆ. ಇದ್ದರೆ ಮುಚ್ಚಿಡಬೇಡಿ.


ಡೊಂಬಿವಲಿ ಅಮ್ಮ
ಶನಿವಾರ, ರಾತ್ರಿ 12:20

ಕೊನೆಯ ಸಾಲು ಓದಿ ಕೈ ನಡುಗಿತು. ಮನೆಯವರ ತಮ್ಮ ಒಬ್ಬರಿದ್ದರು. ಕೆಲವು ಸಲ ರಾತ್ರಿಯೆಲ್ಲ ನಿದ್ದೆ ಮಾಡದೆ ಊರು ತಿರುಗುತ್ತಿದ್ದರಂತೆ, ಸಿಕ್ಕ ಸಿಕ್ಕವರಿಗೆ ದುಡ್ಡು ಕೊಡುತ್ತಿದ್ದರಂತೆ. ಆಮೇಲೆ ತಿಂಗಳುಗಟ್ಟಲೆ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಒಂದು ದಿನ ಮನೆ ಬಿಟ್ಟು ಹೋದವರು ವಾಪಸ್ ಬರಲಿಲ್ಲ. ಮೂರು ಡಾಕ್ಟರಲ್ಲಿ ಇಬ್ಬರು ಮನೆತನದ ಬಗ್ಗೆ ಕೇಳಿದ್ದರು. ಯಾರಿಗೂ ಇಲ್ಲ ಅಂದೆ. ಅತ್ತೆ ಹಾಗೆ ಹೇಳು ಅಂದಿದ್ದರು. ನಾದಿನಿಯ ಮಗಳಿಗೆ ಸಂಬಂಧ ನೋಡುತ್ತಿದ್ದಾರೆ.


ಧಾರವಾಡದ ಡಾಕ್ಟರ್, ಪರೇಲ್
ಶನಿವಾರ, ಬೆಳಿಗ್ಗೆ 7:00

ಇದನ್ನು ಇಲ್ಲಿ ಬರೆಯಲು ಎಷ್ಟು ಧೈರ್ಯ ಬೇಕಾಯಿತು ಅಂತ ನನಗೆ ಗೊತ್ತು ಅಕ್ಕ. ಚಿಕ್ಕಪ್ಪನಿಗೆ ಇತ್ತು ಅಂದ ಮಾತ್ರಕ್ಕೆ ಮಗುವಿಗೆ ಬರುತ್ತದೆ ಅಂತ ಅಲ್ಲ. ಬರದೆ ಇರುವವರೇ ಹೆಚ್ಚು. ಆದರೆ ಔಷಧ ಕೊಡುವವರಿಗೆ ಇದು ಗೊತ್ತಿರಲೇಬೇಕು. ಬೈಪೋಲಾರ್‌ನ ಬೇರು ಇರುವ ಮಗುವಿಗೆ ಡಿಪ್ರೆಶನ್ನಿನ ಮಾತ್ರೆ ಕೊಟ್ಟರೆ ಕೆಲವು ಸಲ ಉನ್ಮಾದ ಎದ್ದು ಬರಬಹುದು. ಅತ್ತೆಯನ್ನು ಬೈಯಬೇಡಿ. ಅವರು ಒಬ್ಬ ಮಗನನ್ನು ಕಳೆದುಕೊಂಡವರು.


ಡೊಂಬಿವಲಿ ಅಮ್ಮ
ಏಳು ವಾರಗಳ ನಂತರ, ಭಾನುವಾರ, ಮಧ್ಯಾಹ್ನ 3:15

ತುಂಬಾ ಜನ ಏನಾಯಿತು ಅಂತ ಕೇಳಿದ್ದೀರಿ. ಈಗ ಬರೆಯುತ್ತೇನೆ.

ಮಕ್ಕಳ ಡಾಕ್ಟರು ಉಬ್ಬಸದ ಮಾತ್ರೆ ನಿಲ್ಲಿಸಿ ಇನ್‌ಹೇಲರ್ ಕೊಟ್ಟರು. ಎರಡು ವಾರ ಬಿಟ್ಟು ರಾತ್ರಿ ಬೆಚ್ಚಿ ಏಳುವುದು ನಿಂತಿತು. ಸಿಟ್ಟು ಕಮ್ಮಿ ಆಗಿದೆ, ಹೋಗಿಲ್ಲ. ಪುಸ್ತಕದಲ್ಲಿ ಮೊದಲ ವಾರ ನಾಲ್ಕು, ಹೋದ ವಾರ ಎರಡು. ಭೀಮಸೇನ ಪ್ರತಿ ಸಲವೂ ಗದೆ ಬದಿಗಿಟ್ಟು ಊಟಕ್ಕೆ ಬಂದಿದ್ದಾನೆ.

ಈಗ ಪರೇಲಿನ ಸರ್ಕಾರಿ ಆಸ್ಪತ್ರೆಗೆ ಹೋಗುತ್ತಿದ್ದೇವೆ. ಡೊಂಬಿವಲಿಯಿಂದ ಬೆಳಿಗ್ಗೆ ಸ್ಲೋ ಟ್ರೈನು, ಕೇಸ್ ಪೇಪರ್ ಸಾಲು, ಇಡೀ ದಿನ ಹೋಗುತ್ತದೆ. ಆದರೆ ನಾಲ್ಕು ಸಲ ಕೂರಿಸಿ ನೋಡಿದರು. ಒಂದು ದಿನ ಅವನ ಜೊತೆ, ಒಂದು ದಿನ ನಮ್ಮ ಜೊತೆ. ಶಾಲೆಯ ಟೀಚರಿಗೆ ಒಂದು ಫಾರ್ಮ್ ಕೊಟ್ಟು ತುಂಬಿಸಿ ತರಿಸಿದರು. ಅಲ್ಲಿನ ಸೈಕಾಲಜಿಸ್ಟಿಗೆ ಕನ್ನಡ ಬರುವುದಿಲ್ಲ. ಬೆಳಗಾವಿಯ ಒಬ್ಬ ಕಲಿಯುವ ಡಾಕ್ಟರನ್ನು ಪಕ್ಕದ ವಾರ್ಡಿನಿಂದ ಕರೆಸಿಕೊಂಡರು.

ಆ ಹುಡುಗ ಮಗನ ಜೊತೆ ನೆಲದ ಮೇಲೆ ಕೂತು ಒಂದು ಬಿಲ್ಡಿಂಗ್ ಚಿತ್ರ ಬರೆದ. ಹತ್ತು ಮಹಡಿ, ಒಂದು ಲಿಫ್ಟು. ಸಿಟ್ಟು ಬಂದಾಗ ಲಿಫ್ಟ್ ಎಷ್ಟನೇ ಮಹಡಿಗೆ ಹೋಗುತ್ತದೆ ಅಂತ ಕೇಳಿದ. ಮಗ ಹತ್ತನೇ ಮಹಡಿ ತೋರಿಸಿದ. ಬೇಜಾರಾದಾಗ? ನೆಲದ ಕೆಳಗೆ ಪೆನ್ಸಿಲಿನಲ್ಲಿ ಒಂದು ಮಹಡಿ ತಾನೇ ಬರೆದ. ಅದು ಯಾವಾಗ ಅಲ್ಲಿಗೆ ಹೋಗುತ್ತದೆ ಅಂದರೆ, "ರಾತ್ರಿ. ಅಪ್ಪ ಬರುವ ಲಿಫ್ಟಿನ ಸದ್ದು ಕೇಳುವ ತನಕ" ಅಂದ. ಅವನು ಒಂದು ಗಂಟೆಯ ತನಕ ಮಾತಾಡುತ್ತಾ ಎಚ್ಚರ ಇರುತ್ತಿದ್ದದ್ದು ಯಾಕೆ ಅಂತ ನನಗೆ ಆಗ ಗೊತ್ತಾಯಿತು. ಮನೆಯವರು ಈಗ ವಾರಕ್ಕೆ ಎರಡು ದಿನ ಬೆಳಗಿನ ಪಾಳಿ ಕೇಳಿ ತೆಗೆದುಕೊಂಡಿದ್ದಾರೆ.

ನಾಲ್ಕನೇ ಸಲ ಅತ್ತೆ ತಾವೇ ಹೊರಟರು. ನಾನು ಕರೆದಿರಲಿಲ್ಲ. ದಾರಿಯುದ್ದಕ್ಕೂ ಮೊಮ್ಮಗನ ಕೈ ಹಿಡಿದುಕೊಂಡಿದ್ದರು. ಒಳಗೆ ಹೋದ ಮೇಲೆ ಬೆಳಗಾವಿಯ ಹುಡುಗನ ಕಡೆ ತಿರುಗಿ, "ನನ್ನ ಎರಡನೇ ಮಗನ ವಿಷಯ ಹೇಳಬೇಕು" ಅಂದರು. ಇಪ್ಪತ್ತು ನಿಮಿಷ ಹೇಳಿದರು. ಯಾರೂ ನಡುವೆ ಮಾತಾಡಲಿಲ್ಲ. ಡಾಕ್ಟರು ಒಂದೇ ಪ್ರಶ್ನೆ ಕೇಳಿದರು, ಮೊದಲ ಸಲ ಹಾಗಾದಾಗ ಅವರಿಗೆ ಎಷ್ಟು ವಯಸ್ಸು? "ಇಪ್ಪತ್ತೆರಡು" ಅಂದರು ಅತ್ತೆ. ಆಮೇಲೆ ಅವರ ಹೆಸರು ಹೇಳಿದರು. ನನ್ನ ಮದುವೆಯಾದ ಮೇಲೆ ಅವರ ಬಾಯಲ್ಲಿ ಆ ಹೆಸರು ನಾನು ಕೇಳಿದ್ದು ಅದೇ ಮೊದಲು.

ಚೀಟಿಯಲ್ಲಿ ಕಾಯಿಲೆಯ ಹೆಸರು ಇನ್ನೂ ಬರೆದಿಲ್ಲ. ಆತಂಕ, ನಿದ್ದೆಯ ತೊಂದರೆ, ಮುಂದೆ ನೋಡಬೇಕು ಅಂತ ಇದೆ. ಬೈಪೋಲಾರ್ ಅಲ್ಲ ಅಂತಲೂ ಬರೆದಿಲ್ಲ, ಹೌದು ಅಂತಲೂ ಇಲ್ಲ. ದೊಡ್ಡವನಾಗುವ ತನಕ ವರ್ಷಕ್ಕೆ ಒಂದೆರಡು ಸಲ ತೋರಿಸುತ್ತಿರಿ ಅಂದಿದ್ದಾರೆ. ಮೊದಲಿನ ಹಾಗೆ ಆಗಿದ್ದರೆ ಹೆಸರು ಸಿಗಲಿಲ್ಲ ಅಂತ ಅಳುತ್ತಿದ್ದೆ. ಈಗ ರಾತ್ರಿ ಫೈಲ್ ತೆಗೆಯುವುದಿಲ್ಲ, ಪುಸ್ತಕ ಬರೆದು ಮಲಗುತ್ತೇನೆ. ನಿನ್ನೆಯದು ಇಲ್ಲಿ ಹಾಕುತ್ತೇನೆ:

"ಶನಿವಾರ. ಒಂಬತ್ತೂವರೆ ಗಂಟೆ ನಿದ್ದೆ. ಸಂಜೆ 6ಕ್ಕೆ ಗಣಿತದ ಹೋಮ್‌ವರ್ಕ್, ರಬ್ಬರ್ ಎಸೆದ, ಹನ್ನೆರಡು ನಿಮಿಷ. ಆಮೇಲೆ ತಾನೇ ಬಂದು ಆರನೇ ಮಹಡಿ ಅಂದ. ಅಜ್ಜಿಯ ಜೊತೆ ನೀರುದೋಸೆ ತಿಂದ, ಐದು."

ಮುಂದಿನ ತಾರೀಖು 18. ಅತ್ತೆಯೂ ಬರುತ್ತಾರೆ.


ವಡಾಲಾ ಟೀಚರ್
ಭಾನುವಾರ, ಸಂಜೆ 5:40

ಪುಸ್ತಕ ಮುಗಿಯುತ್ತಾ ಬಂದಿರಬೇಕು ಮಗಳೇ. ನನ್ನ ಹತ್ತಿರ ಇನ್ನೂರು ಪುಟದ್ದು ನಾಲ್ಕು ಖಾಲಿ ಇವೆ. 18ಕ್ಕೆ ಪರೇಲಿಗೆ ಬರುವಾಗ ಹೇಳು, ಆಸ್ಪತ್ರೆಯ ಗೇಟಿನ ಹತ್ತಿರ ತಂದು ಕೊಡುತ್ತೇನೆ.